ಹದಿನಾರರ ಲೆಕ್ಕಕ್ಕೆ ಸಿಗದ ಒಂದು

ಯೊರುಬಾ ಜನರ ಪುರಾಣವೊಂದರಲ್ಲಿ ಪರದೈವ ಒಲೊಡುಮಾರೆ ಭೂಮಿಯನ್ನು ನೆಲೆಗೊಳಿಸಲು ಹದಿನೇಳು ದೇವತೆಗಳನ್ನು ಕಳಿಸುತ್ತಾನೆ. ಹದಿನಾರು ಮಂದಿ ಗಂಡಸರು, ಒಬ್ಬಳು ಹೆಂಗಸು. ಆ ಒಬ್ಬಳು ಒಷುನ್, ಅದೇ ಹೆಸರಿನ ನದಿಯ ದೇವಿ. ಗಂಡಸರು ದೇವರಕಾಡುಗಳನ್ನು ಗುರುತು ಮಾಡಿದರು, ವಿಧಿಗಳನ್ನು ಗೊತ್ತುಪಡಿಸಿದರು, ಒಷುನ್‌ಳನ್ನು ಮಾತ್ರ ಯಾವುದಕ್ಕೂ ಕರೆಯಲಿಲ್ಲ. ಮಳೆ ಬರಲಿಲ್ಲ, ಹೆಂಗಸರು ಬಸುರಾಗಲಿಲ್ಲ, ಹಿಡಿದ ಕೆಲಸವೆಲ್ಲ ಕೆಟ್ಟಿತು. ದೂರು ಹೊತ್ತು ಮೇಲಕ್ಕೆ ಹೋದವರನ್ನು ಒಲೊಡುಮಾರೆ ಕೇಳಿದ್ದು ಆ ಹದಿನೇಳನೆಯವಳ ವಿಷಯವನ್ನೇ. ತಲೆ ತಗ್ಗಿಸಿ ಬಂದು ಅವಳ ಕ್ಷಮೆ ಕೇಳಿದರು. ಬಸುರಿಯಾಗಿದ್ದ ಒಷುನ್ ಒಂದು ಷರತ್ತು ಹಾಕಿದಳು: ಗಂಡು ಹುಟ್ಟಿದರೆ ಅವನು ತನ್ನ ಪರವಾಗಿ ಸಭೆಯಲ್ಲಿ ಕೂರುತ್ತಾನೆ, ಹೆಣ್ಣು ಹುಟ್ಟಿದರೆ ನಿಮ್ಮ ಸಹವಾಸವೇ ಬೇಡ. ಗಂಡೇ ಹುಟ್ಟಿತು. ಅವನ ಹೆಸರು ಒಶೆತುರಾ. ಬಲಿಯ ಪಾಲನ್ನು ದೇವತೆಗಳಿಗೆ ಮುಟ್ಟಿಸುವ ಎಷು ಅವನೇ ಎನ್ನುತ್ತಾರೆ. ಯೊರುಬಾ ಧರ್ಮದ ಸಂಖ್ಯೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಈ ಕತೆಯಿಂದ ಶುರುಮಾಡುವುದಿಲ್ಲ. ಎಷುವಿಗೆ ಮೂರು, ಒಷುನ್‌ಗೆ ಐದು, ಷಾಂಗೊಗೆ ಆರು, ಓಗುನ್‌ಗೆ ಏಳು, ಒಯಾಗೆ ಒಂಬತ್ತು, ಇಫಾಕ್ಕೆ ಹದಿನಾರು, ದೇವತೆಗಳ ಮೊತ್ತ 401 ಎಂಬ ಪಟ್ಟಿಯಿಂದ ಶುರುಮಾಡುತ್ತಾರೆ. ಪಟ್ಟಿಯಲ್ಲಿ ತಪ್ಪಿಲ್ಲ, ಆದರೆ ಓದಿದವರಿಗೆ ಅದು ಅದೃಷ್ಟಸಂಖ್ಯೆಗಳ ಕೋಷ್ಟಕದಂತೆ ಕಾಣುತ್ತದೆ. ನನ್ನ ವಾದ ಬೇರೆ. ಈ ಪರಂಪರೆಯಲ್ಲಿ ಸಂಖ್ಯೆಗಳೆಲ್ಲ ಎಣಿಸುವ ಕೆಲಸದಿಂದ ಹುಟ್ಟಿದವು. ಅವುಗಳಲ್ಲಿ ದೊಡ್ಡವೆನಿಸಿದವು ತುಂಬಿದ ಲೆಕ್ಕದ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಉಳಿಸಿಕೊಂಡಂಥವು. ಹದಿನಾರರ ಮಹತ್ವ ತಿಳಿಯಬೇಕಾದರೆ ಹದಿನೇಳನ್ನು ನೋಡಬೇಕು.

ಯೊರುಬಾ ನಾಡು ಎಂದರೆ ಇಂದಿನ ನೈರುತ್ಯ ನೈಜೀರಿಯಾ, ಅದಕ್ಕೆ ತಾಗಿದ ಬೆನಿನ್ ದೇಶದ ಪೂರ್ವಭಾಗ. ಇಲೆ-ಇಫೆ ಅವರ ಮೂಲಸ್ಥಾನ. ಇಂದು ಅಲ್ಲಿನ ಬಹುಪಾಲು ಜನ ಕ್ರೈಸ್ತರು ಅಥವಾ ಮುಸ್ಲಿಮರು. ಆದರೂ ಒರಿಷಾ ಎಂದು ಕರೆಯುವ ಹಳೆಯ ದೇವತೆಗಳ ಪೂಜೆ, ಕಣಿ ಕೇಳುವ ರೂಢಿ ಉಳಿದಿವೆ. ಕಣಿಯ ದೇವತೆ ಒರುನ್ಮಿಲಾ, ಕಣಿಯ ಪದ್ಧತಿ ಇಫಾ, ಹೇಳುವವನು ಬಬಲಾವೊ. ಒರುನ್ಮಿಲಾ ಮಗನ ಮೇಲೆ ಮುನಿದು ಭೂಮಿ ಬಿಟ್ಟುಹೋದಾಗ, ಕರೆತರಲು ಬಂದ ಮಕ್ಕಳಿಗೆ ತನ್ನ ಬದಲಾಗಿ ಹದಿನಾರು ತಾಳೆಬೀಜ ಕೊಟ್ಟು ಕಳಿಸಿದನಂತೆ. ಅವನು ಕೂತಿದ್ದದ್ದು ಹದಿನಾರು ತಲೆಗಳಾಗಿ ಕವಲೊಡೆದ ತಾಳೆಮರದ ಬುಡದಲ್ಲಿ. ಇವು ಎಣ್ಣೆತಾಳೆಯ ಬೀಜಗಳು. ಅದರಲ್ಲೂ ಸಾಮಾನ್ಯವಾಗಿ ಇರುವ ಮೂರು ಕಣ್ಣಿನ ಬದಲು ನಾಲ್ಕು ಕಣ್ಣಿರುವುದನ್ನೇ ಹುಡುಕಿ ಇಟ್ಟುಕೊಳ್ಳುತ್ತಾರೆ. ಅನೇಕ ಬಬಲಾವೊಗಳ ಬಳಿ ಹದಿನೇಳನೆಯದೊಂದು ಬೀಜವೂ ಇರುತ್ತದೆ.

ಈ ಬೀಜಗಳು ಮಾತಾಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬಬಲಾವೊ ಹದಿನಾರನ್ನೂ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಒಂದೇ ಸಲಕ್ಕೆ ಎಲ್ಲವನ್ನೂ ಬಾಚಲು ನೋಡುತ್ತಾನೆ. ಬೀಜಗಳು ನುಣುಪು, ಮುಷ್ಟಿ ತುಂಬುವಷ್ಟಿವೆ, ಹಾಗಾಗಿ ಒಂದೋ ಎರಡೋ ಹಿಂದೆ ಉಳಿಯುತ್ತವೆ. ಒಂದು ಉಳಿದರೆ ಮುಂದಿರುವ ಮರದ ತಟ್ಟೆಯ ಪುಡಿಯ ಮೇಲೆ ಎರಡು ಗೆರೆ, ಎರಡು ಉಳಿದರೆ ಒಂದು ಗೆರೆ. ಏನೂ ಉಳಿಯದಿದ್ದರೆ, ಅಥವಾ ಎರಡಕ್ಕಿಂತ ಹೆಚ್ಚು ಉಳಿದರೆ, ಆ ಬಾರಿ ಲೆಕ್ಕಕ್ಕಿಲ್ಲ. ಹೀಗೆ ಎಂಟು ಗುರುತುಗಳಾಗುವವರೆಗೆ ನಡೆಯುತ್ತದೆ. ಬಲಕ್ಕೊಂದು ಎಡಕ್ಕೊಂದರಂತೆ ಹಾಕುತ್ತ ಹೋದ ಗುರುತುಗಳು ಕೊನೆಗೆ ನಾಲ್ಕು ನಾಲ್ಕರ ಎರಡು ಸಾಲಾಗಿ ನಿಲ್ಲುತ್ತವೆ, ಬಲಗಡೆಯದು ಹಿರಿದು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕೈಗೆ ಸಿಕ್ಕ ಹದಿನಾಲ್ಕು ಹದಿನೈದು ಬೀಜಗಳನ್ನು ಯಾರೂ ಎಣಿಸುವುದಿಲ್ಲ. ಗುರುತು ಹಾಕುವುದು ತಪ್ಪಿಸಿಕೊಂಡದ್ದಕ್ಕೆ. ಅದೂ ತಿರುವುಮುರುವಾಗಿ, ಒಂದಕ್ಕೆ ಎರಡು, ಎರಡಕ್ಕೆ ಒಂದು. ಎಲ್ಲವೂ ಮುಷ್ಟಿಗೆ ಸಿಕ್ಕಿಬಿಟ್ಟರೆ ದೈವಕ್ಕೆ ಹೇಳಲು ಏನೂ ಇಲ್ಲ. ಪೂರ್ಣತೆಯನ್ನು ಪೂಜಿಸುವ ಸಂಖ್ಯಾಶಾಸ್ತ್ರವಾಗಿದ್ದರೆ ಎಲ್ಲ ಹದಿನಾರೂ ಸಿಕ್ಕಿದ ಕ್ಷಣ ಪರಮ ಶುಭವಾಗಬೇಕಿತ್ತು. ಇಫಾದಲ್ಲಿ ಅದು ವ್ಯರ್ಥ ಪ್ರಯತ್ನ.

ಗಣಿತದ ದೃಷ್ಟಿಯಿಂದ ಹದಿನಾರು ಎಲ್ಲಿಂದ ಬಂತು ಎಂಬುದು ಸರಳ. ಒಂದು ಸಾಲಿನಲ್ಲಿ ನಾಲ್ಕು ಸ್ಥಾನ, ಪ್ರತಿ ಸ್ಥಾನದಲ್ಲಿ ಒಂದು ಗೆರೆ ಅಥವಾ ಎರಡು. ಸಾಧ್ಯವಾಗುವ ಆಕೃತಿಗಳು 16. ಎರಡು ಸಾಲು ಸೇರಿದರೆ 16ನ್ನು 16ರಿಂದ ಗುಣಿಸಿ 256. ಈ ಒಂದೊಂದು ಆಕೃತಿಯನ್ನೂ ಒಡು ಎನ್ನುತ್ತಾರೆ. ಎರಡೂ ಸಾಲು ಒಂದೇ ಆಗಿರುವ 16 ಒಡುಗಳು ಹಿರಿಯರು: ಒಗ್ಬೆ, ಒಯೆಕು, ಇವೊರಿ, ಒಡಿ ಎಂದು ಶುರುವಾಗಿ ಒಶೆ, ಒಫುನ್‌ವರೆಗೆ. ಉಳಿದ 240 ಅವರ ಮಕ್ಕಳು. ಅವಸರದ ಪ್ರಶ್ನೆಗಳಿಗೆ ಬೀಜದ ಬದಲು ಎಂಟು ಅರ್ಧಸಿಪ್ಪೆಗಳನ್ನು ಪೋಣಿಸಿದ ಒಪೆಲೆ ಎಂಬ ಸರಪಳಿ ಬಳಸುತ್ತಾರೆ. ಒಂದು ಸಲ ಎಸೆದರೆ ಸಾಕು, ಎಂಟೂ ಗುರುತು ಒಟ್ಟಿಗೆ ಸಿಗುತ್ತದೆ. ಪ್ರತಿ ಒಡುವಿಗೂ ಸೇರಿದ ಪದ್ಯಗಳಿವೆ. ಹಿಂದೆ ಯಾರೋ ಒಬ್ಬನಿಗೆ ಇದೇ ಕಷ್ಟ ಬಂದಿತ್ತು, ಅವನಿಗೆ ಇಂಥ ಬಲಿ ಕೊಡಲು ಹೇಳಿದರು, ಕೊಟ್ಟನೋ ಬಿಟ್ಟನೋ, ಕೊನೆಗೆ ಏನಾಯಿತು ಎಂಬುದು ಅವುಗಳ ಸಾಮಾನ್ಯ ಹಂದರ. ಬಬಲಾವೊ ಪದ್ಯಗಳನ್ನು ಒಂದಾದ ಮೇಲೊಂದು ಹೇಳುತ್ತ ಹೋಗುತ್ತಾನೆ, ಯಾವುದು ತನ್ನ ಪಾಡಿಗೆ ಹೊಂದುತ್ತದೆ ಎಂದು ಆರಿಸುವವನು ಕೇಳಲು ಬಂದವನು. ಬಂದವನು ತನ್ನ ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬೇಕೆಂದೂ ಇಲ್ಲ. ಅಂದರೆ ಸಂಖ್ಯೆ ಇಲ್ಲಿ ಉತ್ತರವಲ್ಲ, ಉತ್ತರ ಇರುವ ಕಪಾಟಿನ ನಂಬರು. ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಬ್ಯಾಸ್ಕಂ 1969ರಲ್ಲಿ ಪ್ರಕಟಿಸಿದ ಇಫಾ ಕುರಿತ ದೊಡ್ಡ ಗ್ರಂಥ, ಸ್ವತಃ ಆ ಪರಂಪರೆಯಲ್ಲಿ ಬೆಳೆದ ವಾಂಡೆ ಅಬಿಂಬೊಲಾ 1975ರಲ್ಲಿ ಯುನೆಸ್ಕೊ ಮೂಲಕ ತಂದ ಹದಿನಾರು ಮಹಾಪದ್ಯಗಳ ಸಂಗ್ರಹ, ಎರಡರಲ್ಲೂ ತೂಕವಿರುವುದು ಪದ್ಯಗಳಿಗೇ. ಇಫಾ ಪದ್ಧತಿಯನ್ನು 2005ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿ ಎಂದು ಘೋಷಿಸಿದ ಯುನೆಸ್ಕೊ, ಒಂದೊಂದು ಒಡುವಿಗೆ ಸುಮಾರು 800 ಪದ್ಯಗಳಿವೆ ಎನ್ನುತ್ತದೆ. ಜೊತೆಗೇ, ಅವು ಹೆಚ್ಚುತ್ತಲೇ ಇರುವುದರಿಂದ ಖಚಿತ ಮೊತ್ತ ಹೇಳಲಾಗದು ಎಂದೂ ಸೇರಿಸುತ್ತದೆ. ಆಕೃತಿಗಳು 256ಕ್ಕೆ ನಿಂತಿವೆ, ಅವುಗಳೊಳಗಿನ ಲೆಕ್ಕಕ್ಕೆ ಕೊನೆಯಿಲ್ಲ.

ಹದಿನಾರರ ಇನ್ನೊಂದು ಮನೆ ಕವಡೆ. ಷಾಂಗೊ, ಒಷುನ್, ಒಬಾತಾಲಾ ಮೊದಲಾದವರ ಭಕ್ತರು, ಹೆಂಗಸರೂ ಸೇರಿ, ಹದಿನಾರು ಕವಡೆ ಎಸೆದು ಕಣಿ ಹೇಳುತ್ತಾರೆ. ಓಯೊ ನಗರದ ಸಲಾಕೊ ಎಂಬ ಪೂಜಾರಿ ಹೇಳಿದ ಇಂಥ ಪದ್ಯಗಳನ್ನೇ ಬ್ಯಾಸ್ಕಂ 1980ರಲ್ಲಿ ಪುಸ್ತಕ ಮಾಡಿದ್ದು. ಬೆನ್ನು ಒಡೆದು ಸಮ ಮಾಡಿದ ಕವಡೆ ಬಿದ್ದಾಗ ಬಾಯಿ ಮೇಲಾಗಬಹುದು, ಬೆನ್ನು ಮೇಲಾಗಬಹುದು. ಬಾಯಿ ಮೇಲಾದವನ್ನು ಎಣಿಸಿದರೆ ಆಯಿತು. ಒಂದೂ ಮೇಲಾಗದಿರುವುದಕ್ಕೂ ಹೆಸರಿದೆ, ಒಪಿರಾ. ಹಾಗಾಗಿ ಕವಡೆ ಹದಿನಾರಾದರೂ ಫಲಗಳು ಹದಿನೇಳು. ಬೀಜ, ಕವಡೆ ಎರಡರಲ್ಲೂ ಮೂಲಸಂಖ್ಯೆ ಒಂದೇ ಆದರೂ ಅದು ನಡೆದುಕೊಳ್ಳುವ ರೀತಿ ಬೇರೆ. ಒಪೆಲೆಯ ಎಂಟು ಸಿಪ್ಪೆಗಳು ಎರಡೂ ಕಡೆಗೆ ಸಮನಾಗಿ ಬೀಳುತ್ತವೆ ಎಂದುಕೊಂಡರೆ 256 ಒಡುಗಳಲ್ಲಿ ಪ್ರತಿಯೊಂದಕ್ಕೂ ಸಮಾನ ಅವಕಾಶ. ಕವಡೆಗಳು ಹಾಗೇ ಸಮನಾಗಿ ಬಿದ್ದರೆ ಎಂಟು ಬಾಯಿ ಮೇಲಾಗುವ ಸಂಭವ 65,536ರಲ್ಲಿ 12,870, ಅಂದರೆ ಸುಮಾರು ಐದಕ್ಕೊಂದು ಸಲ. ಏಳು, ಎಂಟು, ಒಂಬತ್ತು ಮೂರೇ ಅರ್ಧಕ್ಕಿಂತ ಹೆಚ್ಚು ಸಲ ಬರುತ್ತವೆ. ಹದಿನಾರೂ ಬಾಯಿ ಮೇಲಾಗುವುದು 65,536ಕ್ಕೆ ಒಮ್ಮೆ. ನಿಜವಾದ ಕವಡೆ ಅಷ್ಟು ನಿಷ್ಪಕ್ಷಪಾತಿಯಲ್ಲ, ಆದರೆ ನಡುವಿನ ಸಂಖ್ಯೆಗಳು ಮತ್ತೆ ಮತ್ತೆ ಬರುವುದು, ತುದಿಯವು ಅಪರೂಪವಾಗುವುದು ಎಸೆಯುವವರ ಕೈಗೆ ಗೊತ್ತಿರುವ ಸಂಗತಿ.

ದೇವತೆಗಳ ಸಣ್ಣ ಸಂಖ್ಯೆಗಳ ಪಟ್ಟಿಯನ್ನು ಈ ಎಸೆತದ ಪಕ್ಕದಲ್ಲಿಟ್ಟು ನೋಡಿದರೆ ಅದರ ಗೂಢತೆ ಅರ್ಧ ಇಳಿಯುತ್ತದೆ. ಕ್ಯೂಬಾಕ್ಕೆ ಹೋಗಿ ನೆಲೆಸಿದ ಪರಂಪರೆಯಲ್ಲಿ ಐದು ಬಾಯಿ ಮೇಲಾದರೆ ಒಶೆ, ಅಲ್ಲಿ ಮಾತಾಡುವವಳು ಒಷುನ್. ಆರು ಒಬಾರಾ, ಷಾಂಗೊನದು. ಏಳು ಒಡಿ, ಯೆಮೊಜಾಳದು. ಎಂಟು ಒಬಾತಾಲಾನದು, ಒಂಬತ್ತು ಒಯಾಳದು. ಒಷುನ್‌ಗೆ ಐದು ಬಳೆ, ಐದು ಹಣ್ಣು, ಐದು ನಾಣ್ಯ ಒಪ್ಪಿಸುವುದು ಇದೇ ವಿಳಾಸಕ್ಕೆ. ದೇವಿಯಿಂದ ಎಸೆತಕ್ಕೆ ಐದು ಬಂತೋ, ಎಸೆತದಿಂದ ದೇವಿಗೆ ಬಂತೋ ಎಂಬ ಜಗಳ ಇಲ್ಲಿ ಬೇಕಿಲ್ಲ. ಐದರಲ್ಲೇ ಏನೋ ಶಕ್ತಿ ಅಡಗಿದೆ ಎನ್ನುವುದಕ್ಕಿಂತ, ಐದು ಎಂದರೆ ಯಾರ ಬಾಗಿಲು ತಟ್ಟಿದ್ದೇವೆ ಎಂದು ಎಲ್ಲರಿಗೂ ತಿಳಿಯುತ್ತದೆ ಎನ್ನುವುದು ಆಚರಣೆಗೆ ಹತ್ತಿರದ ಮಾತು. ನನ್ನ ವಾದಕ್ಕೆ ಈ ಸಣ್ಣ ಸಂಖ್ಯೆಗಳು ನೇರವಾಗಿ ಒದಗುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಓಗುನ್ ಏಳು ಎಂದಾಗ ಅದು ಏಳೇ, ಆರರ ಮೇಲೊಂದಲ್ಲ. ವಿಳಾಸದ ಸಂಖ್ಯೆಗಳು ಬೇರೆ, ಸಮುದಾಯದ ಸಂಖ್ಯೆಗಳು ಬೇರೆ. ನಾನು ಹೇಳುತ್ತಿರುವುದು ಎಲ್ಲರೂ ಸೇರಿ ಎಷ್ಟು ಎಂದು ಹೇಳುವ ಎರಡನೆಯ ಬಗೆಯ ಬಗ್ಗೆ. ಅಂಥವು ಎದುರಾದಲ್ಲೆಲ್ಲ ಆ ಹೆಚ್ಚಿನ ಒಂದು ತಲೆಯೆತ್ತುತ್ತದೆ.

ಅದು ಯಾಕೆ ಎಂಬುದಕ್ಕೆ ಸುಳಿವು ಮತ್ತೆ ಕವಡೆಯಲ್ಲೇ ಇದೆ, ಈ ಸಲ ಹಣವಾಗಿ ಚಲಾವಣೆಯಲ್ಲಿದ್ದ ಕವಡೆಯಲ್ಲಿ. ಯೊರುಬಾ ನಾಡಿನ ಕವಡೆಗಳಲ್ಲಿ ದೊಡ್ಡ ಪಾಲು ನಮ್ಮ ಪಶ್ಚಿಮ ಕರಾವಳಿಯಿಂದ ದೂರವಲ್ಲದ ಮಾಲ್ಡೀವ್ಸ್ ದ್ವೀಪಗಳದ್ದು. ಯಲ್ಲಮ್ಮನ ಜೋಗತಿಯರ ಕೊರಳಿನ ಕವಡೆ ಸರವೂ ಇದೇ ಹಿಂದೂ ಮಹಾಸಾಗರದ ಸರಕಿನ ಬಳಗದ್ದೇ. ಸಿಂಹಳ ಮತ್ತು ಬಂಗಾಳದ ಬಂದರುಗಳಲ್ಲಿ ಡಚ್ಚರೂ ಇಂಗ್ಲಿಷರೂ ಮಾಲ್ಡೀವ್ಸ್ ಕವಡೆಯನ್ನು ಕೊಂಡು, ಹಡಗಿನ ತಳಭಾರವಾಗಿ ಆಮ್‌ಸ್ಟರ್‌ಡ್ಯಾಮ್, ಲಂಡನ್‌ಗಳಿಗೆ ಒಯ್ದು, ಅಲ್ಲಿಂದ ಪಶ್ಚಿಮ ಆಫ್ರಿಕಾದ ತೀರಕ್ಕೆ ಸಾಗಿಸಿ ಗುಲಾಮರನ್ನು ಕೊಂಡರು. ನಾವು ಕವಡೆ ಕಿಮ್ಮತ್ತು ಎಂದು ತಳ್ಳಿಹಾಕುವ ವಸ್ತು ಅಲ್ಲಿ ಮನುಷ್ಯರ ಬೆಲೆಯಾಗಿತ್ತು, ಅದೇ ಹೊತ್ತಿಗೆ ದೇವರ ಬಾಯಿಯೂ ಆಗಿತ್ತು. ಈ ಹಣವನ್ನು ಎಣಿಸುತ್ತಿದ್ದ ರೀತಿಯನ್ನು ಅಡಾಲ್ಫಸ್ ಮಾನ್ ಎಂಬ ಮಿಷನರಿ 1887ರಲ್ಲಿ ಬರೆದಿಟ್ಟಿದ್ದಾನೆ. ಇಪ್ಪತ್ತು ಸಾವಿರ ಕವಡೆಯ ಚೀಲವನ್ನು ನೆಲಕ್ಕೆ ಸುರಿದು, ಐದೈದಾಗಿ ಎಳೆದುಕೊಳ್ಳುತ್ತ, ಇಪ್ಪತ್ತು ಸಲ ಎಳೆದು ನೂರು ಮಾಡಿ, ನೂರರ ಎರಡು ಗುಡ್ಡೆ ಸೇರಿಸಿ ಇನ್ನೂರು ಮಾಡಿ, ಹೀಗೆ ಇನ್ನೂರರ ಗುಡ್ಡೆಗಳನ್ನು ಒಟ್ಟುಗೂಡಿಸುತ್ತಿದ್ದರು. ಯೊರುಬಾ ಎಣಿಕೆ ಇಪ್ಪತ್ತರ ಮೇಲೆ ನಿಂತಿದೆ, ಕಳೆಯುತ್ತ ಸಾಗುತ್ತದೆ. ಹದಿನಾರನ್ನು ಅವರು ಇಪ್ಪತ್ತಕ್ಕೆ ನಾಲ್ಕು ಕಡಿಮೆ ಎನ್ನುತ್ತಾರೆ, ನಲವತ್ತೈದನ್ನು ಅರವತ್ತಕ್ಕೆ ಹತ್ತು ಕಡಿಮೆ, ಅದಕ್ಕೆ ಮತ್ತೆ ಐದು ಕಡಿಮೆ ಎನ್ನುತ್ತಾರೆ. ಇನ್ನೂರಕ್ಕೆ ಸ್ವಂತ ಹೆಸರಿದೆ, ಇಗ್ಬಾ. ಅದು ತುಂಬಿದ ಗುಡ್ಡೆಯ ಹೆಸರು. ನಾನೂರು ಎಂದರೆ ಅಂಥ ಎರಡು ಗುಡ್ಡೆ.

ಈಗ 201 ಮತ್ತು 401ಕ್ಕೆ ಬರೋಣ. ಬಲಗಡೆಗೆ ಇನ್ನೂರು ದೇವತೆಗಳು, ಎಡಗಡೆಗೆ ಇನ್ನೂರು, ಮತ್ತೊಂದು ಎಂದು ಯೊರುಬಾ ಪ್ರಾರ್ಥನೆಗಳು ಹೇಳುತ್ತವೆ. ಇಫೆಯಲ್ಲಿ ಚಾಲ್ತಿಯಲ್ಲಿರುವುದು 201. ವಿದ್ವಾಂಸ ಜೇಕಬ್ ಒಲುಪೊನಾ ಆ ಊರಿನ ಬಗ್ಗೆ 2011ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ 201 ದೇವರುಗಳಿದ್ದಾರೆ. ಯಾರೂ ಕೂತು 201 ಹೆಸರು ಪಟ್ಟಿ ಮಾಡುವುದಿಲ್ಲ, ಮಾಡಲು ಹೊರಟವರಿಗೆ ಲೆಕ್ಕ ಹೊಂದುವುದೂ ಇಲ್ಲ. ನೂರೊಂದು ರೂಪಾಯಿ ಆಯಿರಿ ಮಾಡುವ ನಮಗೆ ಇದು ಪರಿಚಿತವೆನಿಸಬಹುದು, ಆದರೆ ಹೋಲಿಕೆ ಹೆಚ್ಚು ದೂರ ಬರುವುದಿಲ್ಲ. ನಮ್ಮ ಆ ಒಂದು ರೂಪಾಯಿ ಉಳಿದ ನೂರರಂಥದ್ದೇ, ಶುಭಕ್ಕೆಂದು ಸೇರಿಸಿದ್ದು. ಅಲ್ಲಿನ ಆ ಒಂದು ಬೇರೆ ಜಾತಿಯದು. ಇಫೆಯಲ್ಲಿ ಅದು ಜೀವಂತ ಅರಸ ಓನಿಯೇ ಎಂಬ ವಿವರಣೆ ಇದೆ, ದೇವತೆಗಳಿಗೆ ಎರಡನೆಯವನು ಎಂಬುದು ಯೊರುಬಾ ಅರಸರ ಬಿರುದು ಕೂಡ. ಇನ್ನು ಕೆಲವರ ಪ್ರಕಾರ ಅದು ಮುಂದೆ ದೇವತೆಯಾಗಬಹುದಾದವರಿಗೆ ಇಟ್ಟ ಸ್ಥಾನ. ಓಯೊದ ಅರಸನಾಗಿದ್ದ ಷಾಂಗೊ ಸತ್ತ ಮೇಲೆ ಗುಡುಗಿನ ದೇವತೆಯಾದ ಎಂಬ ನಂಬಿಕೆ ಇರುವ ನಾಡಿನಲ್ಲಿ ಇದು ಬರೀ ಸೌಜನ್ಯವಲ್ಲ, ಬೇಕಾಗಿ ಬರುವ ವ್ಯವಸ್ಥೆ. ನನಗನಿಸುವುದು ಇಷ್ಟು: ಗುಡ್ಡೆ ತುಂಬಿ ಇನ್ನೂರಾದ ಮೇಲೆ ಬೀಳುವ ಮೊದಲ ಕವಡೆ ಮುಂದಿನ ಗುಡ್ಡೆಯದು. ಇನ್ನೂರಕ್ಕೆ ನಿಲ್ಲಿಸಿದರೆ ಲೆಕ್ಕ ಮುಗಿಯಿತು ಎಂದು ಅರ್ಥ, 201 ಎಂದರೆ ಎಣಿಕೆ ನಡೆಯುತ್ತಿದೆ ಎಂದು ಅರ್ಥ.

ಇದಕ್ಕೆ ಬಲವಾದ ಒಂದು ಆಕ್ಷೇಪವಿದೆ. ಯೊರುಬಾ ವಾರಕ್ಕೆ ನಾಲ್ಕು ದಿನ: ಒಬಾತಾಲಾನದು, ಇಫಾದ್ದು, ಓಗುನ್‌ನದು, ಷಾಂಗೊನದು. ಆದರೆ ಸಂತೆಯಿಂದ ಸಂತೆಗೆ ಐದು ದಿನ ಎಂದು ಎಣಿಸುತ್ತಾರೆ, ಯಾಕೆಂದರೆ ಎರಡೂ ಸಂತೆದಿನಗಳನ್ನು ಸೇರಿಸುತ್ತಾರೆ. ಎಂಟು ದಿನದ ಅಂತರ ಒಂಬತ್ತಾಗುತ್ತದೆ, ಹದಿನಾರು ದಿನಕ್ಕೊಮ್ಮೆ ಸೇರುವ ಕೂಟ ಹದಿನೇಳರ ಕೂಟವಾಗುತ್ತದೆ. ಪ್ರಾಚೀನ ರೋಮನರೂ ಎಂಟು ದಿನದ ಸಂತೆಯನ್ನು ಒಂಬತ್ತರ ಹೆಸರಿನಿಂದಲೇ ಕರೆದರು. ಹಾಗಿದ್ದರೆ ಹದಿನೇಳೂ ಇನ್ನೂರೊಂದೂ ಎರಡು ತುದಿ ಸೇರಿಸಿ ಎಣಿಸುವ ರೂಢಿಯ ಫಲವಷ್ಟೇ, ಅದರಲ್ಲಿ ಅರ್ಥ ಹುಡುಕುವುದು ಪಂಡಿತರ ಚಪಲ ಎನ್ನಬಹುದು. ರೂಢಿ ನಿಜ. ದಿನಗಳ ಮಟ್ಟಿಗೆ ಅಷ್ಟು ವಿವರಣೆಯೇ ಸಾಕು. ಆದರೆ ದೇವತೆಗಳು ದಿನಗಳಲ್ಲ, ಅವರನ್ನು ಎಣಿಸುವಾಗ ತುದಿ ಎರಡು ಸಲ ಬರುವುದಿಲ್ಲ. ಒಷುನ್ ಹದಿನಾರು ಮಂದಿಯಲ್ಲಿ ಮೊದಲನೆಯವನ ಪುನರಾವರ್ತನೆಯಲ್ಲ. ಎಣಿಕೆಯ ರೂಢಿ ಒಂದು ಜಾಗವನ್ನು ತೆರೆಯಿತು, ಆ ಜಾಗದಲ್ಲಿ ಯಾರನ್ನು ಕೂರಿಸಬೇಕೆಂದು ಪುರಾಣ ಯೋಚಿಸಿತು ಎಂದು ಎರಡನ್ನೂ ಒಟ್ಟಿಗೆ ಹಿಡಿಯುವುದು ಮೇಲು. ದಿನದ ಲೆಕ್ಕಕ್ಕೂ ಎರಡು ತುದಿಯ ಎಣಿಕೆಗೂ ಸಂಬಂಧವೇ ಇಲ್ಲದ ಕಡೆ ಇದೇ ಆಕಾರ ಕಾಣುವುದು ಈ ಓದಿಗೆ ಬಲ ಕೊಡುತ್ತದೆ. ಭೂಮಿಯನ್ನು ಪೂಜಿಸುವ ಹಿರಿಯರ ಕೂಟ ಒಗ್ಬೊನಿಯಲ್ಲಿ, ಇಬ್ಬರು ಸದಸ್ಯರು ಸೇರಿದರೆ ಮೂವರಾಗುತ್ತಾರೆ ಎಂಬ ಮಾತಿದೆ. ಕೂಟದ ಗುರುತಾದ ಹಿತ್ತಾಳೆಯ ಜೋಡಿ ಮೂರ್ತಿಗಳು ಒಂದು ಗಂಡು, ಒಂದು ಹೆಣ್ಣು, ನಡುವೆ ಸರಪಳಿ. ಮೂರನೆಯದು ಅವರ ನಡುವಿನ ಮಾತಿಗೆ ಸಾಕ್ಷಿಯಾಗುವ ಭೂಮಿ. ಜಗತ್ತಿನಲ್ಲೇ ಅವಳಿಗಳು ಅತಿ ಹೆಚ್ಚು ಹುಟ್ಟುವ ಸಮುದಾಯಗಳಲ್ಲಿ ಯೊರುಬಾ ಒಂದು. ಅಲ್ಲಿ ಅವಳಿಗಳ ಬೆನ್ನಿಗೆ ಹುಟ್ಟುವ ಮಗುವಿಗೂ ಹುಟ್ಟುವ ಮೊದಲೇ ಹೆಸರು ಗೊತ್ತು, ಇಡೊವು. ಆ ಮಗು ತುಂಟ, ಹಟಮಾರಿ, ಎಷುವಿನ ನಂಟಿನದು ಎನ್ನುತ್ತಾರೆ. ಅದು ಹುಟ್ಟದಿದ್ದರೆ ತಾಯಿಗೆ ಒಳ್ಳೆಯದಲ್ಲ ಎಂಬ ಭಯವೂ ಇದೆ. ಅವಳಿ ಎಂಬ ಜೋಡಿ ಇಲ್ಲಿ ಮುಗಿದ ಲೆಕ್ಕವಲ್ಲ.

ಇನ್ನೆರಡು ಮಾತುಗಳನ್ನು ಬೇಗ ನೋಡಿಬಿಡಬಹುದು. ಹದಿನಾರು ಆಕೃತಿಗಳು ಯೊರುಬಾ ಜನರವೇ ಅಲ್ಲ, ಅರಬರ ಮರಳುಶಾಸ್ತ್ರದಿಂದ ಸಹಾರಾ ದಾಟಿ ಬಂದವು ಎಂಬುದು ಒಂದು. ಒಂಟಿ ಚುಕ್ಕಿ ಜೋಡಿ ಚುಕ್ಕಿಗಳ ನಾಲ್ಕು ಸಾಲು, ಹದಿನಾರು ಆಕೃತಿ ಆ ಶಾಸ್ತ್ರದಲ್ಲೂ ಇವೆ. ಅದು ಮಧ್ಯಯುಗದ ಯುರೋಪಿಗೂ ಮಡಗಾಸ್ಕರ್‌ಗೂ ಹೋಗಿದೆ. ನಂಟು ಅಲ್ಲಗಳೆಯುವಂಥದ್ದಲ್ಲ. ಮುಸ್ಲಿಮರ ಕತೆಗಳನ್ನು ಒತುರಾ ಎಂಬ ಒಡುವಿನಲ್ಲಿ ಇಟ್ಟುಕೊಂಡಿರುವ ಇಫಾ ಕೂಡ ಇಸ್ಲಾಮಿನ ನೆರೆತನವನ್ನು ಮುಚ್ಚಿಡುವುದಿಲ್ಲ. ಆದರೆ ಮರಳುಶಾಸ್ತ್ರದಲ್ಲಿ ನಾಲ್ಕು ತಾಯಿ ಆಕೃತಿಗಳಿಂದ ಮಕ್ಕಳನ್ನು ಪಡೆದು, ಅವನ್ನೆಲ್ಲ ಪರಸ್ಪರ ಕೂಡಿಸುತ್ತ ಸಾಕ್ಷಿಗಳು, ಕೊನೆಗೆ ಒಬ್ಬ ನ್ಯಾಯಾಧೀಶ ಎಂದು ಒಂದೇ ತೀರ್ಪಿಗೆ ಇಳಿಸುತ್ತಾರೆ, ಗ್ರಹ ರಾಶಿಗಳಿಗೆ ಗಂಟು ಹಾಕುತ್ತಾರೆ. ಇಫಾದಲ್ಲಿ ಕೂಡುವುದೂ ಇಲ್ಲ, ಗ್ರಹಗಳೂ ಇಲ್ಲ. ಅದೇ ಹದಿನಾರನ್ನು ಹಿಡಿದು ಒಂದು ಪರಂಪರೆ ತೀರ್ಪಿನ ಕಡೆಗೆ ಕಿರಿದಾಯಿತು, ಇನ್ನೊಂದು ಪದ್ಯಗಳ ಕಡೆಗೆ ಹರಡಿತು. ಎರಡನೆಯ ಮಾತು ಅಭಿಮಾನಿಗಳದು. ಎಂಟು ಸ್ಥಾನ, ಎರಡು ಸ್ಥಿತಿ, 256 ಸಾಧ್ಯತೆ ಎಂದರೆ ಕಂಪ್ಯೂಟರಿನ ಬೈಟ್, ಆದ್ದರಿಂದ ಬಬಲಾವೊಗಳು ಮೊದಲ ಪ್ರೋಗ್ರಾಮರುಗಳು ಎನ್ನುತ್ತಾರೆ. ಎಣಿಕೆ ಸರಿ, ತೀರ್ಮಾನ ಬೇಡ. ಲೈಬ್ನಿಟ್ಸ್ 1703ರಲ್ಲಿ ಎರಡಂಕಿಯ ಗಣಿತವನ್ನು ಪ್ರಕಟಿಸಿದಾಗ ಅದರಿಂದ ಕೂಡುವುದು, ಗುಣಿಸುವುದು ಹೇಗೆ ಎಂದು ತೋರಿಸಿದ್ದ. ಬಬಲಾವೊಗೆ ಆ ಗೆರೆಗಳು ಕೂಡಿಸುವ ಅಂಕಿಗಳಲ್ಲ, ಹಿರಿಯ ಕಿರಿಯರೆಂಬ ವರಸೆಯುಳ್ಳ ವ್ಯಕ್ತಿಗಳು. ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳಬೇಕಾದಾಗ ಕವಡೆಯನ್ನು ಒಂದು ಉತ್ತರಕ್ಕೂ ಎಲುಬಿನ ಚೂರನ್ನು ಇನ್ನೊಂದಕ್ಕೂ ನಿಲ್ಲಿಸಿ ಒಪೆಲೆಯನ್ನು ಎರಡು ಸಲ ಎಸೆಯುತ್ತಾರೆ. ಗೆಲ್ಲುವುದು ಹಿರಿಯ ಒಡು ಯಾವುದರ ಪಾಲಿಗೆ ಬಂತೋ ಅದು. ಬೈಟಿಗೆ ಅಣ್ಣ ತಮ್ಮ ಇಲ್ಲ.

ಓಯೊ ಸಾಮ್ರಾಜ್ಯ 1830ರ ದಶಕದಲ್ಲಿ ಕುಸಿಯುವ ಹೊತ್ತಿಗೆ ನಡೆದ ಯುದ್ಧಗಳಲ್ಲಿ ಸೆರೆಸಿಕ್ಕವರು ಸಾವಿರಾರು ಸಂಖ್ಯೆಯಲ್ಲಿ ಕ್ಯೂಬಾಕ್ಕೂ ಬ್ರೆಜಿಲ್‌ಗೂ ಗುಲಾಮರಾಗಿ ಹೋದರು. ಊರು, ಕಾಡು, ನದಿ ಹಿಂದೆ ಉಳಿದವು. ಇಂದಿಗೂ ಅಲ್ಲಿನ ಒಸೊಗ್ಬೊ ಪಟ್ಟಣದಲ್ಲಿ ಪ್ರತಿ ಆಗಸ್ಟಿನ ಒಷುನ್ ಹಬ್ಬದಲ್ಲಿ ಹದಿನಾರು ಮುಖದ ದೀಪ ಉರಿಯುತ್ತಿದೆ, ಆ ನದಿತೀರದ ದೇವರಕಾಡು 2005ರಿಂದ ವಿಶ್ವಪರಂಪರೆಯ ತಾಣವೂ ಹೌದು. ಸಮುದ್ರದಾಚೆ ಹೋದವರ ಬಳಿ ಉಳಿದದ್ದು ಕೈಯಲ್ಲಿ ಹಿಡಿಯಬಹುದಾದ ಲೆಕ್ಕ. ಕ್ಯೂಬಾದಲ್ಲಿ ಸಂತೇರಿಯಾ ಎಂದು ಹೆಸರಾದ ಧರ್ಮದಲ್ಲಿ ದೀಕ್ಷೆ ಪಡೆದವರಿಗೆ ಪ್ರತಿ ಒರಿಷಾದ ಹೆಸರಿನಲ್ಲಿ ಕವಡೆಗಳ ಕಟ್ಟು ಸಿಗುತ್ತದೆ. ಸಾಮಾನ್ಯವಾಗಿ ಒಂದು ಕಟ್ಟಿನಲ್ಲಿ 18 ಕವಡೆ, ಅಲ್ಲಿ ಎಲೆಗುವಾ ಎಂದು ಕರೆಯುವ ಎಷುವಿನ ಕಟ್ಟಿನಲ್ಲಿ 21. ಎಸೆಯುವುದು ಯಾವಾಗಲೂ ಹದಿನಾರನ್ನೇ. ಉಳಿದ ಎರಡನ್ನು, ಎಲೆಗುವಾನದಾದರೆ ಐದನ್ನು, ಪಕ್ಕಕ್ಕೆ ಇಡುತ್ತಾರೆ. ಅವು ಕಾವಲಿನವು, ಎಸೆತದಲ್ಲಿ ಸೇರುವುದಿಲ್ಲ, ಅವಿಲ್ಲದೆ ಎಸೆತ ನಡೆಯುವುದೂ ಇಲ್ಲ. ಓದುವುದಕ್ಕೂ ಮಿತಿ ಇದೆ. ಒಂದರಿಂದ ಹನ್ನೆರಡು ಬಾಯಿಯವರೆಗೆ ಕವಡೆಯ ಪೂಜಾರಿ ತಾನೇ ಅರ್ಥ ಹೇಳಬಹುದು, ಪೂಜಾರಿಣಿಯೂ ಹೇಳಬಹುದು. ಹದಿಮೂರರಿಂದ ಹದಿನಾರರವರೆಗೆ ಯಾವುದು ಬಿದ್ದರೂ ಅದರ ಹೆಸರು ಗೊತ್ತಿರುತ್ತದೆ, ಅರ್ಥವೂ ಒಂದಿಷ್ಟು ಗೊತ್ತಿರುತ್ತದೆ, ಆದರೂ ಓದುವಂತಿಲ್ಲ. ಕವಡೆಗಳನ್ನು ಎತ್ತಿಟ್ಟು, ಇದು ನನ್ನದಲ್ಲ, ಬಬಲಾವೊ ಹತ್ತಿರ ಹೋಗಿ ಎಂದು ಬಂದವರನ್ನು ಕಳಿಸಿಕೊಡುತ್ತಾರೆ.